ಒಂದು ಆವರ್ತನದಲ್ಲಿ ಮನ್ಸೂರರು ಏನು ಮಾಡುತ್ತಿದ್ದರು?

ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರ ಹೆಸರು ಕೇಳದ ಕನ್ನಡಿಗರು ಕಡಿಮೆ. ಅವರ ಒಂದು ರಾಗವನ್ನು ಮೊದಲಿನಿಂದ ಕೊನೆವರೆಗೆ ಕೂತು ಕೇಳಿದವರು ಇನ್ನೂ ಕಡಿಮೆ. ಇದರಲ್ಲಿ ಕೇಳುಗರ ತಪ್ಪೇನೂ ಇಲ್ಲ. ಭೀಮಸೇನ ಜೋಶಿಯವರ ಹಾಡಿಕೆ ಮೊದಲ ಸಲಕ್ಕೇ ಹಿಡಿದು ಕೂರಿಸುತ್ತದೆ. ಮನ್ಸೂರರದು ಹಾಗೆ ಒಲಿಯುವುದಿಲ್ಲ. ಅವರ ಧ್ವನಿಮುದ್ರಿಕೆ ಹಾಕಿದರೆ ನಿಧಾನವಾಗಿ ರಾಗ ಬಿಡಿಸುವ ಉದ್ದನೆಯ ಆಲಾಪ ಬರುವುದಿಲ್ಲ. ಎರಡು ಉಸಿರು 'ಆ' ಎಂದು ಸುಳಿದಾಡಿ, ಸೀದಾ ಬಂದಿಶ್, ಅಂದರೆ ತಾಳಕ್ಕೆ ಕೂರಿಸಿದ ಹಾಡು, ಎತ್ತಿಕೊಳ್ಳುತ್ತಾರೆ. ತಬಲಾ ಶುರುವಾಗಿಬಿಡುತ್ತದೆ. ರಾಗದ ಹೆಸರು ನೋಡಿದರೆ ಏಕ ನಿಷಾದ ಬಿಹಾಗಡಾ, ಶಿವಮತ ಭೈರವ, ಲಚ್ಛಾಸಾಖ್. ಮಧ್ಯೆ ಸರಿಗಮ ಹೇಳಿ ದಾರಿ ತೋರಿಸುವುದೂ ಇಲ್ಲ. ರಾಗ ಈಗ ಸ್ವಲ್ಪ ಪರಿಚಯವಾಯಿತು ಅನ್ನುವಷ್ಟರಲ್ಲಿ ಅದನ್ನು ಮುಗಿಸಿ ಇನ್ನೊಂದಕ್ಕೆ ಹೊರಟಿರುತ್ತಾರೆ.

ಇದೆಲ್ಲ ಅವರ ಸ್ವಂತ ವಿಚಿತ್ರ ಸ್ವಭಾವ ಅಂದುಕೊಂಡರೆ ಅರ್ಧ ವಿಷಯ ತಪ್ಪಿಹೋಗುತ್ತದೆ. ಇದು ಅವರು ಕಲಿತುಕೊಂಡ ಹಾಡಿಕೆ. ಅದೂ ಹೇಗೆ? ಚೆನ್ನಾಗಿ ಹಾಡುತ್ತಾರೆಂದು ಹೆಸರು ಬಂದ ಮೇಲೆ, ಗ್ರಾಮಫೋನ್ ತಟ್ಟೆ ಹೊರಬಿದ್ದ ಮೇಲೆ, ಇಪ್ಪತ್ತೈದರ ಆಸುಪಾಸಿನಲ್ಲಿ ಮತ್ತೆ ಒಬ್ಬ ಗುರುವಿನ ಮುಂದೆ ಕೂತು ಕಲಿತದ್ದು. ಘರಾಣೆ ಅಂದರೆ ಗುರುವಿನಿಂದ ಶಿಷ್ಯರಿಗೆ ಬಂದ ಹಾಡಿಕೆಯ ಪರಂಪರೆ. ಆ ಮಾತನ್ನು ನಾವು ಮನೆತನದ ಹೆಸರಿನ ಹಾಗೆ ಬಳಸುತ್ತೇವೆ. ಇವರು ಕಿರಾಣಾ, ಅವರು ಗ್ವಾಲಿಯರ್ ಅಂತ ಚೀಟಿ ಅಂಟಿಸಿ ಸುಮ್ಮನಾಗುತ್ತೇವೆ. ಆ ಚೀಟಿಯ ಹಿಂದೆ ಇರುವ ಕೆಲಸ ಎಂಥದ್ದು ಅಂತ ನೋಡುವುದಕ್ಕೆ ಮನ್ಸೂರರ ಬದುಕಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಧಾರವಾಡದ ಮಗ್ಗುಲಲ್ಲೇ ಇರುವ ಮನ್ಸೂರ ಎಂಬ ಹಳ್ಳಿಯಲ್ಲಿ 1910ರ ಡಿಸೆಂಬರ್ 31ರಂದು ಅವರು ಹುಟ್ಟಿದರು. ತಂದೆ ಭೀಮರಾಯಪ್ಪ, ತಾಯಿ ನೀಲಮ್ಮ. ಒಕ್ಕಲುತನದ ಮನೆ, ಜೊತೆಗೆ ಹಾಡು, ಬಯಲಾಟದ ಹುಚ್ಚು. ಅಣ್ಣ ಬಸವರಾಜರಿಗೆ ನಾಟಕದ ನಂಟು. ತಮ್ಮನೂ ಸಣ್ಣ ವಯಸ್ಸಿಗೇ ನಾಟಕ ಕಂಪನಿ ಸೇರಿದ. ಆಗಿನ ಕಂಪನಿ ನಾಟಕದಲ್ಲಿ ಮೈಕು ಇರಲಿಲ್ಲ. ಹಿಂದಿನ ಸಾಲಿನವನಿಗೂ ಪದ ಮುಟ್ಟಬೇಕು, ಕೇಳುವವರು 'ಒನ್ಸ್ ಮೋರ್' ಅಂದರೆ ಮತ್ತೆ ಹಾಡಬೇಕು. ಮನ್ಸೂರರ ಬಿಚ್ಚು ಕಂಠ ಮುಂದೆ ಎಷ್ಟೇ ಕಷ್ಟದ ರಾಗದಲ್ಲೂ ಗಂಟಲೊಳಗೆ ಮುದುಡಿಕೊಳ್ಳಲಿಲ್ಲ. ಅದಕ್ಕೆ ಈ ರಂಗದ ಮೇಲಿನ ವರ್ಷಗಳ ಪಾಲೂ ಇದೆ ಅಂತ ನನ್ನ ಅಂದಾಜು.

ಮೊದಲ ಪಾಠ ಅಪ್ಪಯ್ಯ ಸ್ವಾಮಿಯವರಿಂದ, ಅದು ಕರ್ನಾಟಕ ಸಂಗೀತ. ಆಮೇಲೆ ಸಿಕ್ಕವರು ಮಿರಜಿನ ನೀಲಕಂಠ ಬುವಾ ಆಲೂರಮಠ. ನಾಟಕದಲ್ಲಿ ಈ ಹುಡುಗನ ಕಂಠ ಕೇಳಿದ ಅವರು ಅವನನ್ನು ಶಿಷ್ಯನಾಗಿ ಮಿರಜಿಗೆ ಕರೆದುಕೊಂಡರು. ಬುವಾ ಅವರು ಬಾಲಕೃಷ್ಣ ಬುವಾ ಇಚಲಕರಂಜೀಕರರ ಶಿಷ್ಯರು. ಗ್ವಾಲಿಯರ್ ಗಾಯಕಿಯನ್ನು, ಅಂದರೆ ಆ ಘರಾಣೆಯ ಹಾಡಿಕೆಯನ್ನು, ಮಹಾರಾಷ್ಟ್ರಕ್ಕೆ ತಂದವರು ಬಾಲಕೃಷ್ಣ ಬುವಾ. ಗದುಗಿನ ಪಂಚಾಕ್ಷರಿ ಗವಾಯಿಗಳೂ ನೀಲಕಂಠ ಬುವಾ ಅವರಲ್ಲಿ ಕಲಿತವರೇ. ಉತ್ತರ ಕರ್ನಾಟಕಕ್ಕೆ ಹಿಂದೂಸ್ತಾನಿ ಹೇಗೆ ಬಂತು ಎಂಬ ಪ್ರಶ್ನೆಗೆ ಹವೆ, ನೀರು, ಧಾರವಾಡದ ಮಳೆ ಅಂತೆಲ್ಲ ಉತ್ತರ ಕೊಡುವವರಿದ್ದಾರೆ. ಮಿರಜು ರೈಲಿನಲ್ಲಿ ಹತ್ತಿರದ ಊರು, ಧಾರವಾಡ ಮುಂಬಯಿ ಪ್ರಾಂತ್ಯದಲ್ಲಿತ್ತು, ಮಿರಜು ಅದರ ಮಗ್ಗುಲಿನ ಸಂಸ್ಥಾನ, ಮರಾಠಿ ನಾಟಕ ಕಂಪನಿಗಳು ಎರಡೂ ಕಡೆ ಓಡಾಡುತ್ತಿದ್ದವು, ಮೈಸೂರು ಅರಮನೆಗೆ ಹೋಗುವ ಉಸ್ತಾದರು ಹುಬ್ಬಳ್ಳಿ-ಧಾರವಾಡದಲ್ಲಿ ಇಳಿಯುತ್ತಿದ್ದರು. ಮಳೆಗಿಂತ ಇವೇ ಜಾಸ್ತಿ ಕೆಲಸ ಮಾಡಿವೆ.

ಗ್ವಾಲಿಯರ್ ಪಾಠ ಅಂದರೆ ಏನು? ಬಂದಿಶ್‌ಗೆ ಅಲ್ಲಿ ಮೊದಲ ಮರ್ಯಾದೆ. ಅದರ ಭಾಗಗಳಾದ ಸ್ಥಾಯಿ, ಅಂತರಾ ಎರಡನ್ನೂ ಅಚ್ಚುಕಟ್ಟಾಗಿ ಹಾಡಿ ರಾಗದ ರೂಪ ಕೇಳುಗರ ಮುಂದೆ ಇಡುವುದು. ಆಮೇಲೆ ಅದರ ಮಾತುಗಳನ್ನೇ ಹಿಡಿದು ಆಲಾಪ, ಮಾತುಗಳನ್ನೇ ಹಿಡಿದು ತಾನ್, ಅಂದರೆ ವೇಗದ ಸ್ವರಗಳ ಓಟ. ಕಂಠ ಬಿಚ್ಚಿ, ನೇರವಾಗಿ ಏರಿ ಇಳಿಯುವ ತಾನ್. ರಾಗಗಳೂ ಬಹುಮಟ್ಟಿಗೆ ಎಲ್ಲರಿಗೂ ತಿಳಿದವು. ಹಿಂದೂಸ್ತಾನಿಯ ಮುಖ್ಯ ಹಾಡಿಕೆಯಾದ ಖಯಾಲ್ ಕಲಿಯುವವರಿಗೆ ಇದಕ್ಕಿಂತ ಗಟ್ಟಿ ಬುನಾದಿ ಇಲ್ಲ ಎಂದು ಬೇರೆ ಘರಾಣೆಯವರೂ ಒಪ್ಪುತ್ತಾರೆ. ಮನ್ಸೂರರು ಇದನ್ನೇ ಹಾಡಿ ಹೆಸರು ಮಾಡಿದರು. ಗೌಡ ಮಲ್ಹಾರ್, ಅಡಾಣಾ ರಾಗಗಳ ತಟ್ಟೆಯನ್ನು ಎಚ್‌ಎಂವಿ ತಂದಿತು. ಆಗಿನ ತಟ್ಟೆಯ ಒಂದು ಮಗ್ಗುಲಿಗೆ ಮೂರು ನಿಮಿಷದ ಆಸುಪಾಸು ಅಷ್ಟೇ ಜಾಗ. ಅಷ್ಟರಲ್ಲೇ ರಾಗ ಕಟ್ಟಿ ತೋರಿಸಬೇಕು. ಅಲ್ಲಿ ಕೇಳುವ ಮನ್ಸೂರರು ಚುರುಕು, ಸ್ಪಷ್ಟ, ಆತ್ಮವಿಶ್ವಾಸದ ಹುಡುಗ. ನಮಗೆ ಗೊತ್ತಿರುವ ಮನ್ಸೂರರು ಇನ್ನೂ ಹುಟ್ಟಿರಲಿಲ್ಲ.

ಅವರನ್ನು ಆಮೇಲೆ ತಿದ್ದಿದ ಗಾಯಕಿಯ ಮೂಲಕ್ಕೆ ಹೋಗಬೇಕಾದರೆ ಅಲ್ಲಾದಿಯಾ ಖಾನರ ಕಥೆ ಹೇಳಬೇಕು. 1855ರಲ್ಲಿ ರಾಜಸ್ಥಾನದ ಉಣಿಯಾರಾದಲ್ಲಿ ಹುಟ್ಟಿದವರು. ಖಯಾಲ್‌ಗಿಂತ ಹಳೆಯ ಹಾಡಿಕೆಯಾದ ಧ್ರುಪದದ ಮನೆತನ. ಮೂಲ ಊರು ಅಲೀಗಢದ ಹತ್ತಿರದ ಅತ್ರೌಲಿ, ಆಶ್ರಯ ಸಿಕ್ಕಿದ್ದು ಜೈಪುರದ ಕಡೆ. ಹಾಗಾಗಿ ಜೈಪುರ-ಅತ್ರೌಲಿ ಘರಾಣೆ ಅನ್ನುತ್ತಾರೆ. ಹೆಸರಲ್ಲಿ ಎರಡು ಉತ್ತರದ ಊರು ಇದ್ದರೂ ಈ ಗಾಯಕಿ ಬೆಳೆದದ್ದು ನಮ್ಮ ಪಕ್ಕದ ಕೊಲ್ಹಾಪುರದಲ್ಲಿ, ಶಾಹು ಮಹಾರಾಜರ ಆಶ್ರಯದಲ್ಲಿ.

ಖಾನ್‌ಸಾಹೇಬರು ಇನ್ನೂ ಯುವಕರಾಗಿದ್ದಾಗ ಅಮ್ಲೇಟಾ ಎಂಬ ಸಣ್ಣ ಸಂಸ್ಥಾನದಲ್ಲಿ ವಿಪರೀತ ಹಾಡಬೇಕಾಗಿ ಬಂತು. ಗಂಟಲು ಬಿದ್ದುಹೋಯಿತು. ಎರಡು ವರ್ಷದಷ್ಟು ಕಾಲ ಹಾಡುವ ಧ್ವನಿಯೇ ಇರಲಿಲ್ಲ. ತಿರುಗಿ ಬಂದ ಧ್ವನಿ ಹಳೆಯ ಧ್ವನಿಯಲ್ಲ. ಮೊದಲಿನ ಇಂಪು ಹೋಗಿತ್ತು. ಆಗ ಅವರು ಇಂಪನ್ನು ನೆಚ್ಚಿಕೊಳ್ಳದ ಒಂದು ಹಾಡಿಕೆ ಕಟ್ಟಿಕೊಂಡರು. ಲಯದೊಳಗೆ ಹೆಣೆದ ಮಾತು, ಬಳುಕಿ ಬಳುಕಿ ಹೋಗುವ ತಾನ್, ಯಾರೂ ಹಾಡದ ರಾಗ. ಕೇಳುವವರ ಗಮನ ಧ್ವನಿಯ ಮಾಧುರ್ಯದ ಮೇಲೆ ನಿಲ್ಲದೆ ಕಟ್ಟಡದ ಮೇಲೆ ನಿಲ್ಲಬೇಕು. ಒಂದು ಗಂಟಲು ಕೆಟ್ಟದ್ದರಿಂದ ಒಂದು ಘರಾಣೆ ಹುಟ್ಟಿತು ಅಂತ ಹೇಳಿದರೆ ಸ್ವಲ್ಪ ಜಾಸ್ತಿಯೇ ಆಯಿತು, ಧ್ರುಪದದ ಲೆಕ್ಕಾಚಾರ ಅವರ ರಕ್ತದಲ್ಲೇ ಇತ್ತು. ಆದರೂ ಆ ಘಟನೆ ಇಲ್ಲದಿದ್ದರೆ ಅವರು ಈ ದಾರಿಗೆ ಇಷ್ಟು ಪೂರ್ತಿಯಾಗಿ ಇಳಿಯುತ್ತಿದ್ದರೋ ಇಲ್ಲವೋ.

ಮನ್ಸೂರರು ಈ ಹಾಡಿಕೆಗೆ ಮನಸೋತು ಮುಂಬಯಿಗೆ ಹೋದರು. ಅಷ್ಟು ಹೊತ್ತಿಗೆ ಅಲ್ಲಾದಿಯಾ ಖಾನರಿಗೆ ತುಂಬ ವಯಸ್ಸಾಗಿತ್ತು. ಅವರು ಈ ಹುಡುಗನನ್ನು ಮಗ ಮಂಜಿ ಖಾನರ ಕೈಗೆ ಒಪ್ಪಿಸಿದರು. ಹೊಸ ಗುರು ಸಿಕ್ಕಿದ್ದು ದೊಡ್ಡ ವಿಷಯವೇ. ಅದಕ್ಕಿಂತ ದೊಡ್ಡದು, ಹೆಸರು ತಂದುಕೊಟ್ಟ ಹಾಡಿಕೆಯನ್ನು ಪಕ್ಕಕ್ಕಿಟ್ಟು ಕೂರಲು ಒಪ್ಪಿಕೊಂಡದ್ದು. ತಾಲೀಮು ಅಂದರೆ ಪುಸ್ತಕ ಇಲ್ಲ, ಬರೆದುಕೊಳ್ಳುವಂತಿಲ್ಲ. ಗುರು ಒಂದು ಸಾಲು ಹಾಡುತ್ತಾರೆ, ಶಿಷ್ಯ ಅದನ್ನೇ ಹಾಡಬೇಕು. ತಪ್ಪಿದರೆ ಮತ್ತೆ. ಸರಿಬಂದರೂ ಮತ್ತೆ. ಯಾಕೆ ಹೀಗೆ ಅಂತ ವಿವರಣೆ ಅಪರೂಪ. ಕಿವಿಗೆ ಬಿದ್ದದ್ದು ಗಂಟಲಿಗೆ ಇಳಿದು, ಅಲ್ಲಿಂದ ಅಭ್ಯಾಸವಾಗುವವರೆಗೆ ಅದೇ ಸಾಲು. ಗೊತ್ತೇ ಇಲ್ಲದವನಿಗಿಂತ ಬೇರೆ ರೀತಿ ಹಾಡಿ ಗೊತ್ತಿರುವವನಿಗೆ ಇದು ಕಷ್ಟ. ಹಳೆಯ ರೂಢಿಯನ್ನು ಗಂಟಲು ಅಷ್ಟು ಸುಲಭಕ್ಕೆ ಬಿಡುವುದಿಲ್ಲ.

ಈಗ ಆ ಹೊಸ ರೂಢಿ ಏನು ಅಂತ ನೋಡೋಣ. ಸ್ವಲ್ಪ ತಾಳದ ಲೆಕ್ಕ ಬೇಕು, ಹೆದರಬೇಡಿ.

ತೀನ್ ತಾಳಕ್ಕೆ 16 ಮಾತ್ರೆ, ಅಂದರೆ 16 ಎಣಿಕೆ. ಮೊದಲ ಮಾತ್ರೆಗೆ ಸಮ್ ಎಂದು ಹೆಸರು. 16 ಮುಗಿದು ಮತ್ತೆ ಸಮ್‌ಗೆ ಬಂದರೆ ಒಂದು ಆವರ್ತನ. ಬಂದಿಶ್‌ನ ಮೊದಲ ತುಣುಕಿಗೆ ಮುಖಡಾ ಅನ್ನುತ್ತಾರೆ. ಅದು ಸಾಮಾನ್ಯವಾಗಿ ಆವರ್ತನದ ಕೊನೆಯ ನಾಲ್ಕೈದು ಮಾತ್ರೆಯಲ್ಲಿ ಶುರುವಾಗಿ ಸಮ್ ಮೇಲೆ ಇಳಿಯುತ್ತದೆ. ಹಾಗಾದರೆ ಗಾಯಕರಿಗೆ ಸ್ವಂತದ್ದನ್ನು ಹೇಳಲು ಉಳಿಯುವುದು ಮಧ್ಯದ ಹನ್ನೊಂದೋ ಹನ್ನೆರಡೋ ಮಾತ್ರೆ. ಸಮ್ ಆದ ಮೇಲೆ ಹೊರಟು, ಏನೋ ಹೊಸದು ಹೇಳಿ, ಸರಿಯಾದ ಜಾಗದಲ್ಲಿ ಮುಖಡಾ ಹಿಡಿದು ಮತ್ತೆ ಸಮ್‌ಗೆ ಬರಬೇಕು. ಖಯಾಲ್ ಹಾಡುವ ಎಲ್ಲರೂ ಮಾಡುವುದು ಇದನ್ನೇ. ಆ ಜಾಗವನ್ನು ಹೇಗೆ ತುಂಬುತ್ತಾರೆ ಎಂಬಲ್ಲಿ ಘರಾಣೆಗಳು ಬೇರೆಯಾಗುತ್ತವೆ.

ಕಿರಾಣಾದವರು ವಿಲಂಬಿತವನ್ನು, ಅಂದರೆ ನಿಧಾನ ಲಯದ ಹಾಡಿಕೆಯನ್ನು, ಇನ್ನೂ ನಿಧಾನ ಮಾಡುತ್ತಾರೆ. 12 ಮಾತ್ರೆಯ ಏಕ್ ತಾಳವನ್ನು ಎಷ್ಟು ಎಳೆಯುತ್ತಾರೆಂದರೆ ಒಂದು ಆವರ್ತನಕ್ಕೆ ಹತ್ತಿರ ಹತ್ತಿರ ಒಂದು ನಿಮಿಷ ಹಿಡಿಯುತ್ತದೆ. ಅಲ್ಲಿ ಮಾತ್ರೆಯ ಪೆಟ್ಟು ಕಿವಿಗೆ ಹೆಚ್ಚು ಬೀಳುವುದಿಲ್ಲ. ಗಾಯಕರು ಒಂದು ಸ್ವರದ ಮೇಲೆ ನಿಂತು, ಅದನ್ನೇ ಬೆಳೆಸಿ, ನಿಧಾನವಾಗಿ ಮುಂದಿನ ಸ್ವರ ತೆರೆಯುತ್ತಾರೆ. ಗಂಗೂಬಾಯಿ ಹಾನಗಲ್ಲರ ಷಡ್ಜ ಕೇಳಿ ಎದ್ದು ಹೋಗಲಾಗದೆ ಕೂತವರಿಗೆ ಈ ದಾರಿಯ ಬಲ ಹೇಳಬೇಕಿಲ್ಲ.

ಮನ್ಸೂರರ ತೀನ್ ತಾಳ ಅಷ್ಟು ನಿಧಾನವಲ್ಲ. ಒಂದು ಆವರ್ತನ 20ರಿಂದ 25 ಸೆಕೆಂಡಿಗೆ ಮುಗಿಯುತ್ತದೆ. ಪ್ರತಿ ಮಾತ್ರೆಯೂ ಕೇಳುತ್ತದೆ, ಅದನ್ನು ಮರೆತು ಹಾಡುವಂತಿಲ್ಲ. ಅವರು ಸಮ್‌ನಿಂದ ಹೊರಟರೆ ಸ್ವರಗಳು ಮಾತ್ರೆಯ ನೆತ್ತಿಯ ಮೇಲೆ ಕೂರುವುದಿಲ್ಲ. ಎರಡು ಮಾತ್ರೆಗಳ ನಡುವಿನ ಸಂದಿಯಲ್ಲಿ ನುಸುಳಿ, ಒಂದನ್ನು ಒತ್ತಿ, ಇನ್ನೊಂದನ್ನು ತೇಲಿಸಿ ಮುಂದೆ ಹೋಗುತ್ತವೆ. ಪದ ಇಲ್ಲ, ಸರಿಗಮ ಇಲ್ಲ, ಬರೀ 'ಆ' ಎಂಬ ಆಕಾರ. ಆಲಾಪ ಎಲ್ಲಿ ಮುಗಿದು ತಾನ್ ಎಲ್ಲಿ ಶುರುವಾಯಿತು ಅಂತ ಗೆರೆ ಎಳೆಯಲು ಬರುವುದಿಲ್ಲ. ಒಂದೇ ಉಸಿರಿನಲ್ಲಿ ಮೇಲೆ ಹೋದ ಸಾಲು ನೇರ ಇಳಿಯದೆ, ಮಧ್ಯದಲ್ಲಿ ಹಿಂದಕ್ಕೆ ತಿರುಗಿ, ಇನ್ನೊಮ್ಮೆ ಸುತ್ತಿ ಇಳಿಯುತ್ತದೆ. ಮುಖಡಾದ ಜಾಗ ಬಂದೇಬಿಟ್ಟಿತು, ಇವರಿನ್ನೂ ಎಲ್ಲೋ ಇದ್ದಾರಲ್ಲ ಅಂತ ನಮಗೆ ಗಾಬರಿ. ಅಷ್ಟರಲ್ಲಿ ಉಸಿರು ಮುರಿಯದೆ ಮುಖಡಾ ಬಂದಿರುತ್ತದೆ, ಸಮ್ ಬಿದ್ದಿರುತ್ತದೆ. ಹೊರಟ ಬಸ್ಸನ್ನು ಓಡಿಬಂದು ಹತ್ತಿದವರ ಏದುಸಿರು ಅದರಲ್ಲಿ ಇರುವುದಿಲ್ಲ.

ಒಂದು ಆವರ್ತನ ಅಂದರೆ ಒಂದು ಪೂರ್ತಿ ವಾಕ್ಯ. ಅರ್ಧ ಹೇಳಿ ಮುಂದಿನ ಆವರ್ತನಕ್ಕೆ ದಾಟಿಸುವುದು ಕಡಿಮೆ. ಮುಂದಿನ ವಾಕ್ಯ ಹಿಂದಿನದರಿಂದ ಒಂದು ಹೆಜ್ಜೆ ಮುಂದೆ ಹೋಗಿರಬೇಕು. ಜೈಪುರ-ಅತ್ರೌಲಿ ಹಾಡಿಕೆಯ ಜೀವ ಇಲ್ಲಿದೆ. ಮನ್ಸೂರರು ಅದಕ್ಕೆ ತಮ್ಮದೊಂದು ಚಡಪಡಿಕೆಯನ್ನೂ ಸೇರಿಸಿದರು. ಅಲ್ಲಾದಿಯಾ ಖಾನರ ಶಿಷ್ಯೆ ಕೇಸರಬಾಯಿ ಕೇರಕರರು ಇದೇ ಗಾಯಕಿಯನ್ನು ಕಲ್ಲಿನಲ್ಲಿ ಕಡೆದ ಹಾಗೆ ಹಾಡಿದರು. ಮನ್ಸೂರರ ಹಾಡಿಕೆಯಲ್ಲಿ ಸಾಲುಗಳು ಆಗಷ್ಟೇ ಹೊಳೆದು ಹೊರಬಿದ್ದಂತೆ ಇರುತ್ತವೆ. ಇಬ್ಬರಿಗೂ ಪಾಠ ಒಂದೇ ಮನೆಯದು.

ಇನ್ನು ಆ ವಿಚಿತ್ರ ಹೆಸರಿನ ರಾಗಗಳು. ಈ ಘರಾಣೆಯ ಹೆಗ್ಗಳಿಕೆ ಅಂದರೆ ಜೋಡ್ ರಾಗಗಳು. ಎರಡು ರಾಗ ಸೇರಿ ಒಂದು. ನಟ್ ಬಿಹಾಗ್, ಬಸಂತಿ ಕೇದಾರ್, ಯಮನಿ ಬಿಲಾವಲ್ ಹೀಗೆ. ಹೆಸರಲ್ಲೇ ಎರಡೂ ಕಾಣುತ್ತವೆ. ಅರ್ಧ ಹೊತ್ತು ಒಂದನ್ನು, ಇನ್ನರ್ಧ ಹೊತ್ತು ಇನ್ನೊಂದನ್ನು ಹಾಡಿದರೆ ಆಯಿತಲ್ಲ ಅಂದರೆ ಆಗುವುದಿಲ್ಲ.

ಯಮನಿ ಬಿಲಾವಲ್ ತೆಗೆದುಕೊಳ್ಳಿ. ಬಿಲಾವಲ್‌ನ ಸ್ವರಗಳು ನಮ್ಮ ಧೀರಶಂಕರಾಭರಣದವು. ಯಮನ್‌ನ ಸ್ವರಗಳು ಕಲ್ಯಾಣಿಯವು. ಸ್ವರದ ಮಟ್ಟಿಗೆ ವ್ಯತ್ಯಾಸ ಇರುವುದು ಮಧ್ಯಮದಲ್ಲಿ ಮಾತ್ರ. ಬಿಲಾವಲ್‌ಗೆ ಶುದ್ಧ ಮಧ್ಯಮ, ಯಮನ್‌ಗೆ ತೀವ್ರ ಮಧ್ಯಮ. ಯಮನಿ ಬಿಲಾವಲ್‌ನಲ್ಲಿ ಎರಡೂ ಬರುತ್ತವೆ. ತೀವ್ರ ಮಧ್ಯಮ ಪಂಚಮವನ್ನು ತಾಗಿಕೊಂಡು ಬಂದು ಹೋಗುತ್ತದೆ. ಗಾಂಧಾರದ ಕಡೆ ಇಳಿಯುವಾಗ ಶುದ್ಧ ಮಧ್ಯಮ. ತೀವ್ರದ ಮೇಲೆ ಒಂದು ಕ್ಷಣ ಜಾಸ್ತಿ ನಿಂತರೆ ಕೇಳುವವರಿಗೆ ಯಮನ್ ಕಾಣುತ್ತದೆ, ಬೆಳಗಿನ ರಾಗ ಸಂಜೆಯದಾಗಿಬಿಡುತ್ತದೆ. ಅದನ್ನು ಮುಟ್ಟದೇ ಇದ್ದರೆ ಬರೀ ಬಿಲಾವಲ್. ಎರಡರ ನಡುವಿನ ಕಿರಿದಾದ ಓಣಿಯಲ್ಲಿ ಅಷ್ಟು ಹೊತ್ತೂ ನಡೆಯಬೇಕು. ತಾನ್ ವೇಗವಾಗಿ ಹೋಗುವಾಗಲೂ ಯಾವ ಮಧ್ಯಮ ಎಲ್ಲಿ ಎಂಬುದು ತಪ್ಪಬಾರದು.

ಇಲ್ಲಿ ಒಂದು ಗಂಟು ಬಿಚ್ಚಿಕೊಳ್ಳುತ್ತದೆ. ಜೋಡ್ ರಾಗದಲ್ಲಿ ಒಂಟಿ ಸ್ವರ ಏನನ್ನೂ ಹೇಳುವುದಿಲ್ಲ. ಗಾಂಧಾರದ ಮೇಲೆ ನಿಂತು ಎಷ್ಟು ಹೊತ್ತು ಬೆಳೆಸಿದರೂ ಅದು ಯಮನ್‌ದೋ ಬಿಲಾವಲ್‌ದೋ ಗೊತ್ತಾಗುವುದಿಲ್ಲ. ರಾಗ ಗುರುತಾಗುವುದು ನಾಲ್ಕಾರು ಸ್ವರ ಸೇರಿದ ಸಾಲಿನಿಂದ. ಹಾಗಾಗಿ ಕಿರಾಣಾದವರ ಹಾಗೆ ಸ್ವರದಿಂದ ಸ್ವರಕ್ಕೆ ಏರುವುದು ಇಲ್ಲಿ ಹೊಂದುವುದಿಲ್ಲ, ಸಾಲುಗಳನ್ನೇ ಹೆಣೆಯಬೇಕು. ಸಾಲು ಹೆಣೆಯಲು ಲಯ ಕೈಗೆ ಸಿಗುವಷ್ಟು ಚುರುಕಾಗಿರಬೇಕು. ಉದ್ದನೆಯ ಆಲಾಪ ಇಲ್ಲದಿರುವುದು, ಮಧ್ಯಮ ವೇಗ, ಆವರ್ತನಕ್ಕೊಂದು ವಾಕ್ಯ, ಅಪರೂಪದ ರಾಗ ಇವೆಲ್ಲ ಬೇರೆ ಬೇರೆ ಚಟಗಳಲ್ಲ. ಒಂದನ್ನು ಆರಿಸಿಕೊಂಡರೆ ಮಿಕ್ಕವು ತಾವಾಗಿ ಬರುತ್ತವೆ. ಬೇಗ ಮುಗಿಸುವುದಕ್ಕೂ ಕಾರಣ ಇದೇ ಅಂತ ನನಗೆ ತೋರುತ್ತದೆ. ಇಂಥ ರಾಗದ ಮುಖ್ಯ ಸಾಲುಗಳು ಇರುವುದೇ ಇಷ್ಟು. ಅವನ್ನು ತಿರುಗಿಸಿ ತಿರುಗಿಸಿ ತೋರಿಸಿದ ಮೇಲೆ ಇನ್ನೂ ಎಳೆದರೆ ರಾಗ ಸವೆಯುತ್ತದೆ. ಮನ್ಸೂರರಿಗೆ ನಿಲ್ಲಿಸುವುದು ಗೊತ್ತಿತ್ತು. ಅದೇ ರಾಗದಲ್ಲಿ ಇನ್ನೊಂದು ದ್ರುತ್ ಚೀಜ್, ಅಂದರೆ ವೇಗದ ಬಂದಿಶ್, ಹಾಡಲೇಬೇಕು ಎಂಬ ಶಾಸ್ತ್ರವನ್ನೂ ಅವರು ಪಾಲಿಸುತ್ತಿರಲಿಲ್ಲ. ಒಂದೇ ಬಂದಿಶ್‌ನಲ್ಲಿ ರಾಗ ಮುಗಿಸಿ, ಒಂದು ಮೈಫಿಲ್‌ನಲ್ಲಿ ಹಲವು ರಾಗ ಹಾಡುತ್ತಿದ್ದರು.

ಕರ್ನಾಟಕ ಸಂಗೀತದ ಕಿವಿಯವರಿಗೆ ಇನ್ನೊಂದು ಮಜಾ ಇದೆ. ಹಿಂದೂಸ್ತಾನಿಯ ಮಾಲಕೌಂಸ್ ನಮ್ಮ ಹಿಂದೋಳ. ರಿಷಭ, ಪಂಚಮ ಎರಡೂ ಇಲ್ಲ. ಆ ಎರಡು ಖಾಲಿ ಜಾಗಗಳೇ ಅದರ ಚೆಲುವು. ಮನ್ಸೂರರು ಹಾಡುವ ಸಂಪೂರ್ಣ ಮಾಲಕೌಂಸ್‌ನಲ್ಲಿ ಆ ಎರಡೂ ಬರುತ್ತವೆ. ಹೇಳಿದಾಗ ಇದೆಂಥ ಹಿಂದೋಳ ಅನ್ನಿಸುತ್ತದೆ. ಕೇಳಿದರೆ ಮಾಲಕೌಂಸ್ ಅಲ್ಲೇ ಇರುತ್ತದೆ, ಪಂಚಮ ಬಂದು ಹೋದ ಮೇಲೂ. ಬಾರದ ಸ್ವರ ತಂದು ರಾಗ ಉಳಿಸಿಕೊಳ್ಳುವುದು ಎಂಥ ಪಟ್ಟು ಅಂತ ಗೊತ್ತಾಗಬೇಕಾದರೆ ಹಿಂದೋಳ ಬಲ್ಲವರೇ ಅದನ್ನು ಕೇಳಬೇಕು.

ಮಂಜಿ ಖಾನರ ಪಾಠ ಬಹಳ ಕಾಲ ನಡೆಯಲಿಲ್ಲ. 1937ರಲ್ಲಿ ಅವರು ತೀರಿಕೊಂಡರು. ತಂದೆ ಅಲ್ಲಾದಿಯಾ ಖಾನರು ಇನ್ನೂ ಬದುಕಿದ್ದರು. ಮನ್ಸೂರರು ಅರ್ಧದಲ್ಲಿ ನಿಂತರು. ಹಳೆಯದನ್ನು ಬಿಟ್ಟಾಗಿದೆ, ಹೊಸದು ಪೂರ್ತಿ ಕೈಗೆ ಬಂದಿಲ್ಲ. ಆಗ ಅವರನ್ನು ಮುಂದಕ್ಕೆ ಕರೆದುಕೊಂಡವರು ಮಂಜಿ ಖಾನರ ತಮ್ಮ ಭೂರ್ಜಿ ಖಾನರು. ರಾಗಗಳ ದೊಡ್ಡ ಭಂಡಾರ ಇದ್ದದ್ದು ಅವರ ಬಳಿ. ಮಂಜಿ ಖಾನರಿಂದ ಹಾಡಿಕೆಯ ನಡೆ, ಭೂರ್ಜಿ ಖಾನರಿಂದ ಆ ನಡೆಗೆ ಬೇಕಾದ ರಾಗಗಳು ಅಂತ ಸುಮಾರಾಗಿ ಹೇಳಬಹುದು. ಮನ್ಸೂರರು ಮಾತ್ರ ಕೊನೆಯವರೆಗೂ ಮಂಜಿ ಖಾನರ ಹೆಸರನ್ನು ಬೇರೆಯೇ ಭಕ್ತಿಯಲ್ಲಿ ಹೇಳುತ್ತಿದ್ದರು. ಹಣೆ ತುಂಬ ವಿಭೂತಿ ಹಚ್ಚುವ ಲಿಂಗಾಯತ ಗಾಯಕ, ಮುಸ್ಲಿಂ ಉಸ್ತಾದರು ಗುರುಗಳು. ಆಗಿನ ಸಂಗೀತದ ಮನೆಗಳಲ್ಲಿ ಇದನ್ನು ಯಾರೂ ವಿಶೇಷ ಅಂತ ಎತ್ತಿ ಹೇಳುತ್ತಿರಲಿಲ್ಲ.

ಇನ್ನೊಂದು ಕಾರಣಕ್ಕೂ ಈ ಪಾಠದ ಬೆಲೆ ಹೆಚ್ಚು. ಅಲ್ಲಾದಿಯಾ ಖಾನರು 1946ರವರೆಗೆ ಬದುಕಿದ್ದರು. ಗ್ರಾಮಫೋನ್ ಮನೆ ಮನೆಗೆ ಬಂದ ಕಾಲ ಅದು. ಆದರೂ ಅವರ ಹಾಡಿಕೆಯ ಧ್ವನಿಮುದ್ರಿಕೆ ನಮಗೆ ಉಳಿದಿಲ್ಲ. ಅವರು ಹೇಗೆ ಹಾಡುತ್ತಿದ್ದರು ಎಂಬುದನ್ನು ಕೇಸರಬಾಯಿ, ಮೋಗುಬಾಯಿ ಕುರ್ಡೀಕರ್, ಮನ್ಸೂರರಂಥವರ ಹಾಡಿಕೆಯಿಂದಲೇ ಊಹಿಸಬೇಕು. ಮನ್ಸೂರ ಹಳ್ಳಿಯ ಒಬ್ಬ ಕನ್ನಡಿಗರ ಗಂಟಲು ಉಣಿಯಾರಾದಲ್ಲಿ ಹುಟ್ಟಿದ ಉಸ್ತಾದರ ವಿದ್ಯೆಗೆ ಸಾಕ್ಷಿಯಾಯಿತು.

ಆಮೇಲಿನ ದಶಕಗಳು ಸಲೀಸಾಗಿರಲಿಲ್ಲ. ಏಳು ಹೆಣ್ಣುಮಕ್ಕಳು, ಒಬ್ಬ ಮಗ ಇದ್ದ ಸಂಸಾರ. ಎಚ್‌ಎಂವಿಗೆ ಸಂಗೀತ ನಿರ್ದೇಶನದ ಕೆಲಸ ಮಾಡಿದರು. 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿಗೆ ಸಂಗೀತ ಸಲಹೆಗಾರರಾದರು. ಉತ್ತರ ಕರ್ನಾಟಕದಲ್ಲಿ, ಮಹಾರಾಷ್ಟ್ರದ ಕೆಲವು ಊರುಗಳಲ್ಲಿ ತಿಳಿದವರಿಗೆ ಅವರು ತಿಳಿದಿದ್ದರು. ದೇಶ ಅವರ ಕಡೆ ತಿರುಗಿದ್ದು ತಡವಾಗಿ. ಪದ್ಮಶ್ರೀ ಬಂದದ್ದು 1970ರಲ್ಲಿ, ಅರವತ್ತರ ಹೊಸ್ತಿಲಲ್ಲಿ. 1976ರಲ್ಲಿ ಪದ್ಮಭೂಷಣ, 1981ರಲ್ಲಿ ಕಾಳಿದಾಸ ಸಮ್ಮಾನ, 1992ರಲ್ಲಿ ಪದ್ಮವಿಭೂಷಣ.

ಯಾಕಿಷ್ಟು ತಡ? ಹಾಡಿಕೆ ಕಷ್ಟದ್ದು ಎಂಬುದು ಒಂದು ಕಾರಣ. ದೊಡ್ಡ ಸಭೆಗಳಿಗೆ ಪರಿಚಯದ ರಾಗ, ನಿಧಾನದ ಬೆಳವಣಿಗೆ, ಕೊನೆಗೆ ಚಪ್ಪಾಳೆಗೆ ಒಂದು ಹಗುರಾದ ಠುಮ್ರಿ ಬೇಕು. ಮನ್ಸೂರರು ಠುಮ್ರಿಯ ದಾರಿಗೆ ಹೋಗಲಿಲ್ಲ. ಮುಂಬಯಿ, ಪುಣೆ ಬಿಟ್ಟು ಧಾರವಾಡದಲ್ಲೇ ನೆಲೆಸಿದ್ದು ಇನ್ನೊಂದು ಕಾರಣ. ಅವರಿಗೆ ಅದರ ಬೇಜಾರು ಎಷ್ಟಿತ್ತೋ, ಹಾಡಿಕೆಯಲ್ಲಿ ಮಾತ್ರ ಅದರ ಸುಳಿವಿಲ್ಲ. ಅರವತ್ತು ದಾಟಿದ ಮೇಲಿನ ಧ್ವನಿಮುದ್ರಿಕೆಗಳಲ್ಲಿ ಕಂಠ ಒಣಗಿದೆ, ಅಂಚು ಒರಟಾಗಿದೆ. ಆದರೆ ಉಸಿರು ನೋಡಿ! ಹರೆಯದವರು ಎರಡು ಕಡೆ ನಿಲ್ಲುವ ಸಾಲನ್ನು ಅವರು ನಿಲ್ಲದೆ ದಾಟುತ್ತಾರೆ. ಬೀಡಿ ಸೇದುವ ಅಭ್ಯಾಸ ಇದ್ದವರು ಎಂದು ಗೊತ್ತಿದ್ದವರಿಗೆ ಇದು ಇನ್ನೂ ಆಶ್ಚರ್ಯ. ಇಂಪಾದ ಗಂಟಲನ್ನು ನೆಚ್ಚದೆ ಹಾಡುವ ದಾರಿಯನ್ನು ಅಲ್ಲಾದಿಯಾ ಖಾನರು ಕಂಡುಕೊಂಡಿದ್ದರಲ್ಲ, ಆ ಲಾಭ ಶಿಷ್ಯರಿಗೆ ಮುಪ್ಪಿನಲ್ಲಿ ಸಿಕ್ಕಿತು. ಕಂಠದ ಹೊಳಪು ಹೋದರೂ ಹೆಣಿಗೆ ಹಾಗೇ ಉಳಿಯಿತು.

ಕನ್ನಡಿಗರಿಗೆ ಇನ್ನೊಬ್ಬ ಮನ್ಸೂರರು ಗೊತ್ತು, ವಚನ ಹಾಡಿದವರು. ಧಾರವಾಡದ ಮುರುಘಾಮಠದ ಮೃತ್ಯುಂಜಯ ಸ್ವಾಮಿಗಳ ಮೇಲೆ ಅವರಿಗೆ ಅಪಾರ ಭಕ್ತಿ. ಮನೆಗೆ 'ಮೃತ್ಯುಂಜಯ' ಎಂದೇ ಹೆಸರಿಟ್ಟರು. ಬಸವಣ್ಣ, ಅಕ್ಕಮಹಾದೇವಿಯರ ವಚನಗಳನ್ನು ಅವರು ಹಾಡಿದಾಗ ಅವು ಭಾವಗೀತೆಯ ಹಾಗೆ ಕರಗುವುದಿಲ್ಲ. ವಚನಕ್ಕೆ ಪದ್ಯದ ಹಾಗೆ ಸಮನಾದ ಸಾಲಿಲ್ಲ, ಪ್ರಾಸದ ಹಂಗಿಲ್ಲ. ಮಾತು ಎಲ್ಲಿ ನಿಲ್ಲುತ್ತದೋ ಅಲ್ಲೇ ಸಾಲು. ಅದನ್ನು ತಾಳಕ್ಕೆ ಕೂರಿಸುವುದು ಸುಲಭವಲ್ಲ. ಒಂದು ಕಡೆ ಮಾತ್ರೆ ಉಳಿಯುತ್ತದೆ, ಇನ್ನೊಂದು ಕಡೆ ಸಾಲದೆ ಬರುತ್ತದೆ. ಮಾತ್ರೆಯ ಸಂದಿಯಲ್ಲಿ ಓಡಾಡಿ ಪಳಗಿದ ಮನ್ಸೂರರಿಗೆ ಇದು ತಮ್ಮದೇ ಅಂಗಳ. ಖಯಾಲ್‌ನ ಕಡೆಯಿಂದ ಬರಲು ಹಿಂಜರಿಯುವವರು ಈ ಬಾಗಿಲಿನಿಂದ ಬರಬಹುದು. ಭಾಷೆ ನಮ್ಮದೇ ಆಗಿರುವುದರಿಂದ ಅವರು ಸಮ್ ಹೇಗೆ ಹಿಡಿಯುತ್ತಾರೆ ಎಂಬುದು ಇಲ್ಲಿ ಬೇಗ ಕಿವಿಗೆ ಬೀಳುತ್ತದೆ.

1992ರ ಸೆಪ್ಟೆಂಬರ್ 12ರಂದು ಅವರು ಧಾರವಾಡದಲ್ಲಿ ತೀರಿಕೊಂಡರು. ಅವರ ಆತ್ಮಕಥೆ 'ನನ್ನ ರಸಯಾತ್ರೆ'. ಅದನ್ನು ಇಂಗ್ಲಿಷಿಗೆ ತಂದವರು ಮಗ ರಾಜಶೇಖರ ಮನ್ಸೂರರು. ವೃತ್ತಿಯಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದವರು, ವಿದ್ಯೆಯಲ್ಲಿ ತಂದೆಯ ಶಿಷ್ಯರು. ತಂದೆಯ ಹಿಂದೆ ಕೂತು ದನಿಗೂಡಿಸಿದವರೂ ಅವರೇ. ಮಗಳು ನೀಲಾ ಕೊಡ್ಲಿಯವರೂ ಗಾಯಕಿ. 'ಮೃತ್ಯುಂಜಯ' ಮನೆ ಈಗ ಸ್ಮಾರಕವಾಗಿದೆ.

ಈಗ ಕೇಳಲು ಕೂರುವವರಿಗೆ ಒಂದೆರಡು ಮಾತು. ಏಕ ನಿಷಾದ ಬಿಹಾಗಡಾದಿಂದ ಶುರುಮಾಡಬೇಡಿ. ಯಮನಿ ಬಿಲಾವಲ್ ಹಾಕಿ, ಅದಕ್ಕೂ ಮೊದಲು ಯಾರದ್ದಾದರೂ ಯಮನ್ ಹತ್ತು ನಿಮಿಷ ಕೇಳಿ. ಮೊದಲ ಸಲ ರಾಗದ ಗೊಡವೆಗೆ ಹೋಗಬೇಡಿ. ಬೆರಳಲ್ಲಿ 16 ಮಾತ್ರೆ ಎಣಿಸಿ, ಮುಖಡಾ ಯಾವಾಗ ಬರುತ್ತದೆ ಅಂತ ಮಾತ್ರ ನೋಡಿ. ನಾಲ್ಕೈದು ಆವರ್ತನ ಕಳೆದ ಮೇಲೆ ಸಮ್ ನಿಮಗೆ ತಾನಾಗಿ ಗೊತ್ತಾಗುತ್ತದೆ. ಎರಡನೆಯ ಸಲ ಎಣಿಕೆ ಬಿಟ್ಟು, ತೀವ್ರ ಮಧ್ಯಮ ಬಂದಾಗಲೆಲ್ಲ ತಲೆ ಎತ್ತಿ. ಅದು ಪ್ರತಿ ಸಲ ಪಂಚಮದ ಬಳಿಯೇ ಸಿಗುತ್ತದೆ. ಮೂರನೆಯ ಸಲಕ್ಕೆ ಈ ಎರಡನ್ನೂ ಮರೆತು ಸುಮ್ನೆ ಕೂತುಬಿಡಿ. ಆಮೇಲೆ ಬೇಕಿದ್ದರೆ ನಟ್ ಬಿಹಾಗ್, ಅಲ್ಲಿಂದ ಸಂಪೂರ್ಣ ಮಾಲಕೌಂಸ್. ಬಿಹಾಗಡಾ ಎಲ್ಲಿಗೂ ಓಡಿಹೋಗುವುದಿಲ್ಲ.